ಹಕ್ಕಿ ಕಾಯುತ್ತಿದ್ದ ಡಿಸ್ಕು

ಅಕ್ಕನ ದನಿ ಇದ್ದ ಕಂಪ್ಯೂಟರು ಏಳಲೊಲ್ಲೆ ಎಂದು ಹಠ ಹಿಡಿದ ದಿನ, ಅದನ್ನು ಎಬ್ಬಿಸಬೇಕಾಗಿದ್ದ ಡಿಸ್ಕು ನಮ್ಮ ಭತ್ತದ ಗದ್ದೆಯಲ್ಲಿ ಗುಬ್ಬಿ ಓಡಿಸುವ ಕೆಲಸದಲ್ಲಿತ್ತು. ಹೀಗೆಂದರೆ ಜನ ನಗುತ್ತಾರೆ. ಈಗ ನಾನೂ ನಗುತ್ತೇನೆ. ಆವತ್ತು ಮಾತ್ರ ನೆತ್ತಿಗೇರಿದ ಸಿಟ್ಟು ಸಂಜೆಯಾದರೂ ಇಳಿದಿರಲಿಲ್ಲ.

ಅಕ್ಕಿಆಲೂರಿನಲ್ಲಿ ಸಂತೆ ಕೂಡುವ ಬಯಲಿನ ಹಿಂದೆ ನನ್ನದೊಂದು ಸಣ್ಣ ಅಂಗಡಿ ಇದೆ. ಟೈಪಿಂಗ್, ಝೆರಾಕ್ಸ್, ಆನ್‌ಲೈನ್ ಅರ್ಜಿ, ಲಗ್ನಪತ್ರಿಕೆ, ಇಷ್ಟೇ ವ್ಯವಹಾರ. ಸಂತೆಯ ದಿನ ಉಸಿರಾಡಲು ಪುರುಸೊತ್ತಿರುವುದಿಲ್ಲ, ಉಳಿದ ದಿನ ನೊಣ ಹೊಡೆಯೋಣವೆಂದರೆ ನೊಣವೂ ಬರುವುದಿಲ್ಲ. ಅಂಗಡಿಯ ಹಿಂದೆಯೇ ಮನೆ. ಗಂಡನಿಗೆ ಹಿರೇಕೆರೂರಿನಲ್ಲಿ ಕೆಲಸ. ಬೆಳಗಿನ ಬಸ್ಸಿಗೆ ಹೋದವನು ದೀಪ ಹಚ್ಚಿದ ಮೇಲೆಯೇ ಬರುವುದು. ಹಾಗಾಗಿ ಹಗಲೆಲ್ಲ ಮನೆಯಲ್ಲಿ ನಾನು ಮತ್ತು ನನ್ನ ಅತ್ತೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಒಟ್ಟಿಗೇ ನಡೆಯುತ್ತವೆ, ಅದಕ್ಕೇ ಗದ್ದಲ ಜಾಸ್ತಿ.

ನನ್ನ ಅಕ್ಕನನ್ನು ಸವಣೂರಿಗೆ ಕೊಟ್ಟಿದೆ. ಚಿಕ್ಕವರಿದ್ದಾಗ ನಾನು ಊಟ ಮಾಡಬೇಕಾದರೆ ಅಕ್ಕ ಕಥೆ ಹೇಳಬೇಕಿತ್ತು. ಯಾರೋ ಹೇಳಿದ ಕಥೆಗಳಲ್ಲ, ಅವಳೇ ಕಟ್ಟಿದವು. ನಮ್ಮ ಓಣಿಯ ಎಮ್ಮೆ, ಎದುರು ಮನೆಯ ಬೆಕ್ಕು, ಬಸ್ ಕಂಡಕ್ಟರು, ಯಾರು ಬೇಕಾದರೂ ಅವಳ ಕಥೆಯೊಳಗೆ ಬಂದು ಹೋಗುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ದನಿ. ಎಮ್ಮೆಗೆ ಬೇರೆ, ಕಂಡಕ್ಟರಿಗೆ ಬೇರೆ. ಅವಳ ದನಿ ಅಷ್ಟು ಚಂದವಿತ್ತು ಎಂದು ಹೇಳಿದರೆ ನನ್ನ ಅಕ್ಕ ಎಂಬ ಕಾರಣಕ್ಕೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ನಿಜವಾಗಿಯೂ ಚಂದವಿತ್ತು.

ಅವಳಿಗೆ ಮಗಳು ಹುಟ್ಟಿ ಅಂಬೆಗಾಲಿಡುವ ಹೊತ್ತಿಗೆ ಕೊರಳಲ್ಲೊಂದು ಗಡ್ಡೆ ಬೆಳೆಯಿತು. ಕೆಟ್ಟದ್ದಲ್ಲ ಎಂದರು. ಆದರೆ ತೆಗೆಯಲೇಬೇಕು, ತೆಗೆದ ಮೇಲೆ ದನಿ ಬದಲಾದರೂ ಆಗಬಹುದು ಎಂದು ಡಾಕ್ಟರು ಮೊದಲೇ ತಿಳಿಸಿದ್ದರು. ಆಪರೇಷನ್ನಿಗೆ ಮುಂಚೆ ಅಕ್ಕ ಕೂಸನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದು ಕೂತಳು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯ ಬಾಗಿಲು ಮುಂದೆ ಮಾಡಿ, ತಲೆಗೆ ಮೈಕಿನ ಹೆಡ್‌ಫೋನ್ ಸಿಕ್ಕಿಸಿಕೊಂಡು, ನನ್ನ ಕಂಪ್ಯೂಟರಿಗೆ ಕಥೆ ಹೇಳಿದಳು. ಕೂಸು ದೊಡ್ಡದಾದ ಮೇಲೆ ಕೇಳಲಿ ಎಂದು.

ಇನ್ನೊಂದು ಕಾಪಿ ತೆಗೆದಿಡುತ್ತೇನೆ ಎಂದೆ. ಖಡಾಖಂಡಿತವಾಗಿ ಬೇಡ ಎಂದಳು. "ನೀ ಒಂದ್ ಮೊಬೈಲಿಗೆ ಹಾಕಿದ್ರ ನಾಳೆ ನಮ್ಮ ಬೀಗರ ಮಂದಿ ಎಲ್ಲಾರ ಮೊಬೈಲಿನ್ಯಾಗ ನಾ ಎಮ್ಮಿ ಹಂಗ ಒದರೂದು ಕೇಳತೈತಿ. ಬ್ಯಾಡವಾ. ಇದರಾಗ ಇರಲಿ." ಅವಳ ಹಠ ನನಗೆ ಗೊತ್ತು. ಅದರಲ್ಲೇ ಇತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು. ಜೀವಕ್ಕೆ ಏನೂ ಆಗಲಿಲ್ಲ, ದನಿ ಮಾತ್ರ ಬದಲಾಯಿತು. ಗಾಳಿಯೇ ಹೆಚ್ಚು, ಸ್ವರ ಕಡಿಮೆ, ಗೊಗ್ಗರು ಗೊಗ್ಗರು. ಮಾತಾಡುತ್ತಾ ಹೋದರೆ ಸ್ವಲ್ಪ ಸ್ವಲ್ಪವೇ ಗಟ್ಟಿಯಾಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದರು. ಮೊದಮೊದಲು ಮಾತಾಡಿದಳು. ಆಮೇಲೊಂದು ದಿನ ಶಿಗ್ಗಾವಿಯ ಬಸ್ ಸ್ಟ್ಯಾಂಡಿನಲ್ಲಿ ಇವಳು ಬಸ್ಸು ಯಾವಾಗ ಎಂದು ಕೇಳಿದಾಗ, ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ತನ್ನ ಜೊತೆಯವಳಿಗೆ, "ಮಾರಿ ಹೆಂಗಸಿಂದು, ದನಿ ಗಂಡಸಿಂದು ನೋಡವಾ" ಅಂದು ನಕ್ಕಳಂತೆ. ಆ ಹೆಂಗಸು ಯಾರೆಂದು ನನಗೆ ಗೊತ್ತಿಲ್ಲ. ಗೊತ್ತಾಗದಿದ್ದದ್ದು ಅವಳ ಪುಣ್ಯ.

ಅಲ್ಲಿಂದೀಚೆಗೆ ಅಕ್ಕ ಬಾಯಿ ಬಿಡುವುದನ್ನೇ ಬಿಟ್ಟಳು. ಮನೆಯೊಳಗೆ "ಬಾ", "ಉಣ್ಣು", "ಹೊತ್ತಾತು", ಇಷ್ಟು. ಎರಡು ಮಾತಿನ ಮೇಲೆ ಮೂರನೆಯದಿಲ್ಲ. ಹೊರಗಿನವರ ಮುಂದೆ ಅದೂ ಇಲ್ಲ. ನನ್ನೊಂದಿಗಿನ ಮಾತೆಲ್ಲ ಮೊಬೈಲಿನಲ್ಲಿ ಬರೆದು. ಗಂಟೆಗಟ್ಟಲೆ ಹರಟುತ್ತಿದ್ದ ಅಕ್ಕನ ಎದುರು ಕೂತು ಅವಳ ಹೆಬ್ಬೆರಳು ಓಡುವುದನ್ನು ನೋಡುತ್ತಿರಬೇಕಾಗಿತ್ತು.

ನನ್ನ ಕಂಪ್ಯೂಟರಿಗೂ ವಯಸ್ಸಾಯಿತು. ಒಂದು ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು, ಹೋಗಿ ಬಂದು ಮಾಡಿದ ದಿನ ಅದು ಕಪ್ಪು ಪರದೆ ತೋರಿಸಿ ಕೂತುಬಿಟ್ಟಿತು. ನಾನು ಹೊಸ ಲ್ಯಾಪ್‌ಟಾಪ್ ತಂದು ಅಂಗಡಿ ನಡೆಸಿದೆ. ಹಳೆಯದನ್ನು ಒಂದು ಹಳೆ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಅಕ್ಕ ಕೇಳಿದಾಗ ನೋಡಿದರಾಯಿತು ಎಂದುಕೊಂಡಿದ್ದೆ.

ಕಳೆದ ದಸರಾ ರಜೆಯಲ್ಲಿ ಅಕ್ಕ ಕೇಳಿದಳು. ಮಗಳು ಆ ವರ್ಷ ಒಂದನೇ ಇಯತ್ತೆಗೆ ಹೋಗುತ್ತಿದ್ದಳು. ಮನೆಯಲ್ಲಿ ಅವ್ವ ಹೇಳಿದ ಕಥೆ ಒಂದನ್ನು ಹೇಳಿರಿ ಎಂದು ಶಾಲೆಯಲ್ಲಿ ಎಲ್ಲರನ್ನೂ ನಿಲ್ಲಿಸಿದ್ದರಂತೆ. ಇವಳು ನಿಂತು, ನಮ್ಮ ಅವ್ವಗ ಕಥಿ ಬರೂದಿಲ್ಲ ಎಂದು ಹೇಳಿ ಕೂತಳಂತೆ. ಅದನ್ನು ಮನೆಗೆ ಬಂದು ಏನೂ ಬೇಸರವಿಲ್ಲದೆ ಅಕ್ಕನಿಗೇ ಹೇಳಿದೆ ಆ ಕೂಸು. ಅಕ್ಕನ ಮೆಸೇಜು ಬಂತು: "ನಾಡಿದ್ದು ಮಗಳನ್ನು ಕರೆದುಕೊಂಡು ಬರುತ್ತೇನೆ. ಆ ಕಥೆಯನ್ನು ತೆಗೆದಿಡು. ನನಗೂ ಕಥೆ ಬರುತ್ತಿತ್ತು ಅಂತ ಅವಳಿಗೆ ಗೊತ್ತಾಗಲಿ."

ಮರುದಿನ ಬೆಳಿಗ್ಗೆಯೇ ಅಟ್ಟದಿಂದ ಕಂಪ್ಯೂಟರ್ ಇಳಿಸಿ, ಧೂಳು ಹೊಡೆದು, ವಯರು ಸಿಕ್ಕಿಸಿ ಗುಂಡಿ ಒತ್ತಿದೆ. ಫ್ಯಾನು ತಿರುಗಿತು. ದೀಪ ಹತ್ತಿತು. ಆಮೇಲೆ ಅದೇ ಕಪ್ಪು ಪರದೆ, ಅದರ ಮೇಲೆ ಒಂದು ಬಿಳಿ ಸಾಲು: ಶುರು ಮಾಡುವ ಫೈಲು ಸಿಗುತ್ತಿಲ್ಲ, ಡಿಸ್ಕ್ ಹಾಕಿ.

ಹಾನಗಲ್ಲಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರೊಬ್ಬರು ನನಗೆ ಪರಿಚಯ. ಫೋನು ಹಚ್ಚಿದೆ. "ಪೆಟ್ಟಗಿ ತಂದು ಇಲ್ಲೆ ಬಿಟ್ಟು ಹೋಗ್ರಿ ಅಕ್ಕಾರ, ಬಿಚ್ಚಿ ನೋಡ್ತೇನಿ. ಹಬ್ಬದ ರಜಾ ಅಲ್ರೀ, ಒಂದು ವಾರ ಹಿಡಿತೈತಿ" ಎಂದರು. ಬೀಗರ ಮೊಬೈಲಿಗೇ ಹೋಗಬಾರದು ಎಂದ ಅಕ್ಕ ಪರರ ಅಂಗಡಿಯಲ್ಲಿ ಬಿಡಲು ಒಪ್ಪುವಳೇ? ಬೇರೆ ದಾರಿ ಇಲ್ಲವೇ ಎಂದು ಕೇಳಿದೆ.

"ಐತ್ರಿ. ಅದರ ಜೋಡಿ ಕಂಪನ್ಯಾವ್ರು ಕೊಟ್ಟ ರಿಕವರಿ ಡಿಸ್ಕ್ ಇರಬೇಕಲ್ಲ, ಅದನ್ನ ಹಾಕಿ ಎಬ್ಬಸ್ರಿ. ಒಳಗ ಹೋದ ಮ್ಯಾಲ ಎರಡು ದಾರಿ ತೋರಸ್ತೈತಿ. ಮೊದಲನೇದು ಒತ್ತಬ್ಯಾಡ್ರಿ ಮತ್ತ! ಅದು ಎಲ್ಲಾ ಅಳಿಸಿ ಹೊಸದು ಕುಂದರಸ್ತೈತಿ. ಎರಡನೇದು ರಿಪೇರಿ. ಅದನ್ನ ಒತ್ತಿದ್ರ ನಿಮ್ಮ ಸಾಮಾನು ಹಂಗ ಉಳಿತೈತಿ."

ಅಷ್ಟೇ ತಾನೇ ಎಂದುಕೊಂಡು ಹಳೆ ಡಿಸ್ಕುಗಳನ್ನೆಲ್ಲ ತುಂಬಿಟ್ಟಿದ್ದ ಡಬ್ಬಿ ತೆಗೆದೆ. ಡಬ್ಬಿಯ ತುಂಬ ಬದನೆ ಬೀಜ, ಹೀರೆ ಬೀಜ, ಬೂದಿ ಸವರಿದ ಅವರೆ ಬೀಜ.

"ಅತ್ತೀ, ಇದರಾಗಿನ ಡಿಸ್ಕ್ ಎಲ್ಲಿ ಇಟ್ಟೀರಿ?"

ಅತ್ತೆ ಹಿತ್ತಲಿನಿಂದಲೇ ಕೂಗಿದರು. "ಯಾವವಾ? ಆ ಹೊಳಿಯು ತಾಟೇನು? ಗದ್ದಿಗೆ ಕಟ್ಟೇನಿ. ಗುಬ್ಬಿ ಹಿಂಡು ಬೀಳಾಕತ್ತಿತ್ತು. ಒಂದು ಕಾಳು ಮುಟ್ಟಿಲ್ಲ ನೋಡು ಈಗ, ಬಾಳ ಚಲೋ ಆತು!"

ನಮ್ಮ ಕಡೆ ತೆನೆಗೆ ಹಾಲು ತುಂಬುವ ಹೊತ್ತಿಗೆ ಗದ್ದೆಯಲ್ಲಿ ಹೊಳೆಯುವ ವಸ್ತು ಕಟ್ಟುವುದು ಹೊಸದೇನಲ್ಲ. ಮೊದಲು ಬಣ್ಣದ ಕಾಗದ, ಆಮೇಲೆ ಹಳೆ ಕ್ಯಾಸೆಟ್ಟಿನ ಟೇಪು, ಈಗ ಡಿಸ್ಕು. ಗಾಳಿಗೆ ತಿರುಗಿ ಬಿಸಿಲಿಗೆ ಮಿಂಚಿದರೆ ಹಕ್ಕಿ ಹತ್ತಿರ ಸುಳಿಯುವುದಿಲ್ಲ. ಅತ್ತೆಗೆ ಹೊಳೆಯುವ ವಸ್ತು ಡಬ್ಬಿಯೊಳಗೆ ಸುಮ್ಮನೆ ಕೂತಿರುವುದನ್ನು ನೋಡಿದರೆ ಆಗಿಬರುವುದಿಲ್ಲ. ಕೇಳದೆ ಯಾಕೆ ಮುಟ್ಟಿದಿರಿ ಎಂದು ನಾನು ಏರುದನಿಯಲ್ಲಿ ಕೇಳಿದೆ. ಕೆಟ್ಟ ಪೆಟ್ಟಿಗೆಯ ಸಾಮಾನು ಕೆಟ್ಟದ್ದೇ ಅಲ್ಲವೇ ಎಂದು ಅವರು ಅದಕ್ಕಿಂತ ಏರಿದ ದನಿಯಲ್ಲಿ ಕೇಳಿದರು. ನಾಳೆ ಅಕ್ಕ ಬರುತ್ತಾಳೆ, ಅವಳ ದನಿ ಇರುವುದು ಈ ಪೆಟ್ಟಿಗೆಯೊಳಗೇ, ಆ ತಟ್ಟೆಯಿಲ್ಲದೆ ಇದು ಏಳುವುದಿಲ್ಲ ಎಂದೆ. ಅತ್ತೆ ಕಾಲಿಗೆ ಚಪ್ಪಲಿ ಮೆಟ್ಟಿ, ಸೆರಗು ಸಿಕ್ಕಿಸಿ, "ನಡಿ" ಎಂದರು.

ಗದ್ದೆ ದೂರವಿಲ್ಲ, ಅಕ್ಕಿ ಗಿರಣಿ ದಾಟಿದರೆ ಬಂತು. ಬದುವಿನ ಮೇಲೆ ನಿಂತು ನೋಡಿದೆ. ನಮ್ಮ ಗದ್ದೆಯಷ್ಟೇ ಅಲ್ಲ, ಆಚೆಯ ಗದ್ದೆಯೂ ಮಿರಮಿರ ಮಿಂಚುತ್ತಿತ್ತು. ಅತ್ತೆ ಪಕ್ಕದ ಗದ್ದೆಯವನಿಗೂ ಹಂಚಿದ್ದರು. ಅವನೂ ತನ್ನ ಮನೆಯಲ್ಲಿದ್ದ ಡಿಸ್ಕುಗಳನ್ನು ತಂದು ಸೇರಿಸಿದ್ದ. ಯಾವುದು ನಮ್ಮದು, ಯಾವುದು ಅವನದು? ಮೇಲೆ ಬರೆದಿರುವುದನ್ನು ಓದಿದರೆ ಗೊತ್ತಾಗುತ್ತದೆ ಎಂದು ಕೆಸರಿನಲ್ಲಿ ಕಾಲಿಟ್ಟು ಹತ್ತಿರದ ಕೋಲಿನ ಬಳಿ ಹೋದೆ. ಡಿಸ್ಕನ್ನು ಹಿಡಿದು ತಿರುಗಿಸಿದೆ. ಈ ಕಡೆಯೂ ಹೊಳಪು, ಆ ಕಡೆಯೂ ಹೊಳಪು!

ಅತ್ತೆ ಹೆಮ್ಮೆಯಿಂದ ವಿವರಿಸಿದರು. ಡಿಸ್ಕಿಗೆ ಹೊಳಪು ಒಂದೇ ಮುಖಕ್ಕೆ. ಬರಹದ ಮುಖ ತಿರುಗಿದಾಗ ಹಕ್ಕಿ ಹೆದರುವುದಿಲ್ಲ. ಅದಕ್ಕೆ ಅವರು ಬಿಸಿ ಅನ್ನವನ್ನು ಕಿವುಚಿ ಅಂಟು ಮಾಡಿ, ಎರಡೆರಡು ಡಿಸ್ಕುಗಳನ್ನು ಬರಹ ಒಳಗಾಗುವಂತೆ ಬೆನ್ನಿಗೆ ಬೆನ್ನು ಅಂಟಿಸಿ, ನಡುವಿನ ತೂತಿನಲ್ಲಿ ದಾರ ಪೋಣಿಸಿ ಕಟ್ಟಿದ್ದರು. ಎಲ್ಲ ಹೆಸರುಗಳೂ ಒಳಗೆ ಮುಖ ಮುಚ್ಚಿಕೊಂಡಿದ್ದವು. ಇಂಥ ಬುದ್ಧಿ ಬೇರೆ ಯಾರಿಗಾದರೂ ಹೊಳೆದೀತೇ ಹೇಳಿ. ಸಿಟ್ಟಿನ ಜೊತೆಗೆ ನನಗೆ ಒಳಗೊಳಗೇ ಮೆಚ್ಚುಗೆಯೂ ಆಯಿತು, ಆದರೆ ಅದನ್ನು ತೋರಿಸಿಕೊಳ್ಳಲಿಲ್ಲ.

"ಎಲ್ಲಾ ಬಿಚ್ಚಬೇಕ್ರಿ" ಎಂದೆ.

ಪಕ್ಕದ ಗದ್ದೆಯವನು ಓಡಿ ಬಂದ. "ಅಕ್ಕಾರ, ಇವನ್ನ ಬಿಚ್ಚಿದ್ರ ಗಿಣಿ ಹಿಂಡು ಹಿಂಡ ಬರತಾವ್ರಿ! ಇದ ಈಗ ಹಾಲು ತುಂಬೇತಿ."

ಅವನಿಗೆ ಉತ್ತರ ಕೊಟ್ಟದ್ದು ಅತ್ತೆ. "ಬರಲಿ ಬಿಡೋ. ಡಿಸ್ಕ ತಿರುಗಿ ಬರೂತನಾ ನಿನ್ನ ಗದ್ದೀನೂ ನಾನ ಕಾಯ್ತೇನಿ, ನಂದೂ ನಾನ ಕಾಯ್ತೇನಿ. ನಮ್ಮ ಸೊಸಿ ಅಕ್ಕನ ದನಿ ಸಿಕ್ಕೊಂಡೈತಿ ಅದರಾಗ."

ಈ ವಯಸ್ಸಿನಲ್ಲಿ ಬಿಸಿಲಿಗೆ ನಿಂತು ಎರಡು ಗದ್ದೆ ಕಾಯುತ್ತೇನೆ ಎಂದದ್ದು ಕೇಳಿ ನನ್ನ ಸಿಟ್ಟಿಗೆ ನಿಲ್ಲಲು ಜಾಗವಿಲ್ಲದಂತಾಯಿತು. ಆದರೂ ದಾರಿಯುದ್ದಕ್ಕೂ ಮುಖ ಊದಿಸಿಕೊಂಡೇ ಬಂದೆ.

ಬಿಚ್ಚಿ ತಂದ ಜೋಡಿಗಳನ್ನೆಲ್ಲ ಹಿತ್ತಲಲ್ಲಿ ಅಗಲವಾದ ಟಬ್ಬಿಗೆ ಹಾಕಿ ಉಗುರುಬೆಚ್ಚಗಿನ ನೀರು ಸುರಿದೆ. ಅನ್ನದ ಅಂಟು ನೆನೆಯುತ್ತಾ ನೆನೆಯುತ್ತಾ ಜೋಡಿಗಳು ಒಂದೊಂದಾಗಿ ಬಿಟ್ಟುಕೊಂಡವು. ಪ್ರಿಂಟರಿನ ಡಿಸ್ಕು ಬಂತು. ಟೈಪಿಂಗ್ ಪಾಠದ್ದು ಬಂತು. ಭಜನೆ ಪದಗಳದ್ದು ಬಂತು. ಕೆಲವು ಅಗ್ಗದವು ಬಿಡಿಸುವಾಗ ಮೇಲಿನ ಬೆಳ್ಳಿ ಪದರ ಈರುಳ್ಳಿ ಸಿಪ್ಪೆಯ ಹಾಗೆ ಕಿತ್ತು ಬಂದು, ಕೈಯಲ್ಲಿ ಬರೀ ಗಾಜಿನಂಥ ಬಿಲ್ಲೆ ಉಳಿಯಿತು. ನಮ್ಮದಕ್ಕೂ ಹೀಗೇ ಆದರೆ ಏನು ಗತಿ ಎಂದು ಆಮೇಲಿನವನ್ನು ಎಳೆಯದೆ, ತಾವಾಗಿ ಬಿಡುವವರೆಗೆ ನೆನೆಯಲು ಬಿಟ್ಟೆ. ಕೊನೆಗೂ ಸಿಕ್ಕಿತು. ಪಕ್ಕದ ಗದ್ದೆಯವನ ಮದುವೆಯ ವಿಡಿಯೋ ಡಿಸ್ಕಿಗೆ ಅಂಟಿಕೊಂಡಿತ್ತು. ಕಂಪನಿಯ ಅಚ್ಚಿನ ಅಕ್ಷರ ಚೂರೂ ಅಳಿಸಿರಲಿಲ್ಲ. ಅದು ಡಿವಿಡಿ. ಡಿವಿಡಿಯ ಪದರ ಎರಡು ಬಿಲ್ಲೆಗಳ ನಡುವೆ ಇರುತ್ತದೆ, ಅಂಟು ಅಲ್ಲಿಗೆ ಮುಟ್ಟುವುದಿಲ್ಲ. ಬಚಾವಾದೆ ಎಂದುಕೊಂಡೆ. ಆದರೆ ಹೊರಗಿನ ಮುಖದ ತುಂಬ ಧೂಳಿನ ಗೀರು, ಹಕ್ಕಿ ಹಿಕ್ಕೆ. ಹೆದರಿಸಲು ಹೋದದ್ದಕ್ಕೇ ಹಕ್ಕಿ ಸರಿಯಾಗಿ ಮರ್ಯಾದೆ ಮಾಡಿತ್ತು.

"ಕೊಡ ಇಲ್ಲೆ, ಹುಣಸಿಹಣ್ಣು ಹಚ್ಚಿ ತಿಕ್ಕತೇನಿ. ತಾಮ್ರದ ಕೊಡದಂಗ ಫಳಫಳ ಆಗತೈತಿ" ಎಂದು ಅತ್ತೆ ಕೈ ಚಾಚಿದರು. ಅವರ ಇನ್ನೊಂದು ಕೈಯಲ್ಲಿ ತೆಂಗಿನ ನಾರು ಬೇರೆ.

"ಕೈ ಮುಗೀತೇನ್ರಿ ಅತ್ತೀ, ಇದನ್ನಷ್ಟ ಬಿಡ್ರಿ!"

ಹಳೆ ಹತ್ತಿ ಸೀರೆಯ ತುಂಡಿನಿಂದ, ಸಾಬೂನು ನೀರಿನಲ್ಲಿ, ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ಒರೆಸಿದೆ. ಅಕ್ಕನ ಕೂಸಿಗೆ ಎಣ್ಣೆ ಹಚ್ಚುವಾಗಲೂ ನಾನು ಅಷ್ಟು ಜೋಪಾನ ಮಾಡಿಲ್ಲ.

ಮರುದಿನ ಅಕ್ಕ ಮತ್ತು ಮಗಳು ಶಿಗ್ಗಾವಿಯಲ್ಲಿ ಬಸ್ಸು ಬದಲಿಸಿ, ಹಾನಗಲ್ಲ ಮೇಲೆ ಹಾಯ್ದು ಬಂದಿಳಿದರು. ಚೀಲದಲ್ಲಿ ಸವಣೂರಿನ ಕುರುಕಲು ಖಾರ, ಅತ್ತೆಗೆಂದು ಒಂದು ಕವಳಿ ವೀಳ್ಯದೆಲೆ. ಅತ್ತೆ ಅವರ ಜೊತೆ ಚಹಾ ಕುಡಿದು, ಒಂದು ಎಲೆ ಮಡಿಸಿ ದವಡೆಗಿಟ್ಟುಕೊಂಡು, ಎಣ್ಣೆಯ ಖಾಲಿ ಡಬ್ಬಿ ಮತ್ತು ಕೋಲು ಹಿಡಿದು ಗದ್ದೆಗೆ ಹೊರಟೇಬಿಟ್ಟರು. ನನ್ನ ಅಕ್ಕನ ಮಗಳು ಅವರನ್ನು ಆಯಿ ಎಂದು ಕರೆಯುತ್ತಾಳೆ. "ಆಯಿ ಎಲ್ಲಿ ಹೊಂಟಾಳು?" ಎಂದು ಕೂಸು ಕೇಳಿತು. ಡಬ್ಬಿ ಬಾರಿಸಲು ಎಂದೆ. ತಾನೂ ಬರುತ್ತೇನೆ ಎಂದು ಕುಣಿಯಿತು. ನಿನ್ನವ್ವನ ಕಥೆ ಕೇಳುವುದಿದೆ, ಕೂತ್ಕೋ ಎಂದೆ. ಅದು ಅಕ್ಕನ ಮುಖ ನೋಡಿತು, ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕಿತು.

ಡಿಸ್ಕು ಹಾಕೋಣವೆಂದರೆ ಡಿಸ್ಕು ಇಡುವ ತಟ್ಟೆ ಹೊರಗೇ ಬರಲೊಲ್ಲದು. ಗುಂಡಿ ಒತ್ತಿದರೆ ಒಳಗೆ ಕುಟುಕುಟು ಸದ್ದು ಮಾಡಿ ಸುಮ್ಮನಾಗುತ್ತಿತ್ತು. ಅದರ ಮುಂದೆ ಒಂದು ಚಿಕ್ಕ ತೂತಿರುತ್ತದೆ, ಇಂಥ ಹೊತ್ತಿಗೆಂದೇ ಇಟ್ಟಿರುವುದು. ಅಕ್ಕ ತನ್ನ ತಲೆಯ ಪಿನ್ನು ತೆಗೆದುಕೊಟ್ಟಳು. ಅದನ್ನು ನೇರ ಮಾಡಿ ಚುಚ್ಚಿದೆ. ತಟ್ಟೆ ನಾಲಗೆ ಚಾಚಿದಂತೆ ಹೊರಬಂತು.

ಡಿಸ್ಕು ಇಟ್ಟು, ಕಂಪ್ಯೂಟರ್ ಹಚ್ಚಿ, ಎಫ್ ಹನ್ನೆರಡರ ಗುಂಡಿಯನ್ನು ಪಟಪಟ ಒತ್ತಿದೆ. ಯಾವುದರಿಂದ ಏಳಲಿ ಎಂದು ಕೇಳಿತು. ಡಿಸ್ಕಿನಿಂದ ಎಂದು ಆರಿಸಿದೆ. ಆಗ ಪರದೆಯ ಮೇಲೆ ಒಂದು ಸಾಲು ಬರುತ್ತದೆ, ಯಾವುದಾದರೂ ಗುಂಡಿ ಒತ್ತಿ ಎಂದು. ತಕ್ಷಣ ಒತ್ತಬೇಕು, ಇಲ್ಲದಿದ್ದರೆ ಅದು ಕಾಯುವುದಿಲ್ಲ. ಆ ಹೊತ್ತಿಗೆ ಸರಿಯಾಗಿ ಒಬ್ಬರು ಬಾಗಿಲಲ್ಲಿ ನಿಂತು, "ಝೆರಾಕ್ಸ್ ಐತೇನ್ರಿ?" ಎಂದರು. ನಾನು ತಿರುಗಿದೆ, ಸಾಲು ಹೋಯಿತು, ಮತ್ತೆ ಕಪ್ಪು ಪರದೆ. "ಇವತ್ತ ಅಂಗಡಿ ಬಂದ್ ಐತ್ರಿ!" ಎಂದು ನಾನು ಕೂಗಿದ ರೀತಿಗೆ ಆ ಮನುಷ್ಯ ಆಮೇಲೆ ನನ್ನ ಅಂಗಡಿಗೆ ಬಂದೇ ಇಲ್ಲ.

ಎರಡನೇ ಸಲ ಗುಂಡಿ ಒತ್ತಿದೆ. ಡಿಸ್ಕು ತಿರುಗಲು ಶುರುವಾಯಿತು. ಸದ್ದು ಏರಿತು, ಇಳಿಯಿತು, ಕಿರ್ರೆಂದಿತು, ನಿಂತಿತು. ಓದಲು ಆಗುತ್ತಿಲ್ಲ ಎಂದಿತು. ತೆಗೆದು ಬೆಳಕಿಗೆ ಹಿಡಿದು ನೋಡಿದರೆ ಅಂಚಿನಲ್ಲಿ ಇನ್ನೂ ಸ್ವಲ್ಪ ಅನ್ನದ ಗಂಜಿ ಒಣಗಿ ಕೂತಿತ್ತು. ನಿನ್ನೆ ನನ್ನ ಕಣ್ಣು ತಪ್ಪಿಸಿದ್ದು. ಅಕ್ಕ ಡಿಸ್ಕನ್ನು ನನ್ನ ಕೈಯಿಂದ ತೆಗೆದುಕೊಂಡು, ಸೆರಗಿನ ತುದಿಯನ್ನು ಒದ್ದೆ ಮಾಡಿ, ಬಗ್ಗಿ ಕೂತು ಒರೆಸಿದಳು. ತುಂಬ ಹೊತ್ತು ಒರೆಸಿದಳು. ಅವಳ ಕುತ್ತಿಗೆಯ ಕೆಳಗೆ ಆಪರೇಷನ್ನಿನ ಗೆರೆ ಈಗ ಮಾಸಿ ಸಣ್ಣಗಾಗಿದೆ. ಈ ಡಿಸ್ಕು ಕೈ ಕೊಟ್ಟರೆ ಇವಳಿಗೆ ಏನು ಹೇಳಲಿ ಎಂದು ನಾನು ಆ ಗೆರೆಯನ್ನೇ ನೋಡುತ್ತಾ ಕೂತಿದ್ದೆ.

ಮತ್ತೆ ಹಾಕಿದೆವು. ಈ ಸಲ ನಿಲ್ಲಲಿಲ್ಲ. ತಿರುಗುತ್ತಾ ತಿರುಗುತ್ತಾ ನೀಲಿ ಪರದೆ ಬಂತು, ಅದರ ಮೇಲೆ ಎರಡು ಸಾಲು. ಮೊದಲನೆಯದು ದೊಡ್ಡ ಅಕ್ಷರದಲ್ಲಿ, ಮೊದಲೇ ಆರಿಸಿ ಇಟ್ಟಂತೆ ಬಣ್ಣ ತುಂಬಿಕೊಂಡು ನಿಂತಿತ್ತು. ಅದು ಎಲ್ಲ ಅಳಿಸುವುದು. ಎರಡನೆಯದು ಕೆಳಗೆ ಸಣ್ಣಗೆ. ಸುಮ್ಮನೆ ಎಂಟರ್ ಒತ್ತಿದರೆ ಸಾಕು, ಅಕ್ಕನ ದನಿ ಈ ಭೂಮಿಯ ಮೇಲೆ ಎಲ್ಲೂ ಉಳಿಯುತ್ತಿರಲಿಲ್ಲ. ಬಾಣದ ಗುಂಡಿ ಒತ್ತಿ ಕೆಳಗಿಳಿಸಿದೆ. ಕೀಲಿಮಣೆ ಹಳೆಯದು, ಗುಂಡಿಗಳು ಜಾಮು. ಇಳಿದಿದೆಯೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡಿದೆ. ಅಕ್ಕನಿಗೂ ತೋರಿಸಿದೆ. ದಿನಕ್ಕೆ ಹತ್ತಾರು ಮಂದಿಯ ಅರ್ಜಿ ತುಂಬುವವಳು ನಾನು, ಒಂದು ಗುಂಡಿ ಒತ್ತಲು ಬೆರಳು ಏಳಲಿಲ್ಲ. ಅಕ್ಕ ನನ್ನ ಭುಜದ ಮೇಲೆ ಕೈಯಿಟ್ಟು ಅದುಮಿದಳು. ಒತ್ತಿದೆ.

ಒಂದು ಪಟ್ಟಿ ಆಮೆ ನಡಿಗೆಯಲ್ಲಿ ತುಂಬತೊಡಗಿತು. ನಾವು ಖಾರ ತಿಂದೆವು. ಕೂಸಿಗೆ ಖಾರ ಹತ್ತಿ ನೀರು ಕುಡಿಸಿದೆವು. ಪಟ್ಟಿ ತುಂಬಿತು, ಡಿಸ್ಕು ತೆಗೆಯಿರಿ ಎಂದಿತು, ಕಂಪ್ಯೂಟರ್ ತಾನಾಗಿಯೇ ಆರಿ ಹತ್ತಿತು. ಪರದೆ ಕಪ್ಪಾಗಿ ನಿಂತಾಗ ಮನೆದೇವರನ್ನು ನೆನೆದೆ. ಆಮೇಲೆ ನಾನು ಹಿಂದೆ ಯಾವತ್ತೋ ಹಾಕಿಕೊಂಡಿದ್ದ ಸೂರ್ಯಕಾಂತಿ ಹೂವಿನ ಚಿತ್ರ ಅಗಲಕ್ಕೆ ಅರಳಿ ನಿಂತಿತು. ನಾನು ಕುರ್ಚಿಯಿಂದ ಎದ್ದು ಕುಣಿದೆ ಎಂದು ಕೂಸು ಇವತ್ತಿಗೂ ಹೇಳುತ್ತದೆ. ಇರಬಹುದು.

ಅಕ್ಕನ ಹೆಸರಿನ ಫೋಲ್ಡರ್ ಇದ್ದಲ್ಲೇ ಇತ್ತು. ಅದರಲ್ಲಿ ಉದ್ದವಾದ ಒಂದೇ ಒಂದು ರೆಕಾರ್ಡಿಂಗು. ಉಳಿದವೆಲ್ಲ ಮೈಕು ಸರಿಯಿದೆಯೇ ಎಂದು "ಹಲೋ ಹಲೋ" ಅಂದ ತುಣುಕುಗಳು. ಒತ್ತಿದೆ.

"ಒಂದೂರಾಗ ಒಂದು ಕೋಳಿ ಇತ್ತು. ಆ ಕೋಳಿಗೆ ರೈಲು ಹತ್ತಬೇಕಂತ ಆಶಾ ಆತು..."

ಆ ದನಿ! ನನಗೆ ಕಣ್ಣು ತುಂಬಿತು. ಅಕ್ಕ ಕದಲದೆ ನಿಂತಿದ್ದಳು. ಕೂಸು ಪರದೆಯ ಹಿಂದೆ ಹೋಗಿ ನೋಡಿ ಬಂತು. "ಚಿಗವ್ವ, ಇದು ಯಾರು?" ಎಂದು ನನ್ನನ್ನು ಕೇಳಿತು. ನಿಮ್ಮವ್ವ ಎಂದೆ. ಅದು ಅಕ್ಕನನ್ನು ನೋಡಿತು, ಕಂಪ್ಯೂಟರನ್ನು ನೋಡಿತು, ನಂಬಿತೋ ಇಲ್ಲವೋ, ಕಥೆ ಕೇಳುತ್ತಾ ಕೂತುಬಿಟ್ಟಿತು. ಕೋಳಿ ನಡೆದು ನಡೆದು ಯಲವಿಗಿ ಸ್ಟೇಷನ್ನಿಗೆ ಹೋಯಿತು. "ಏನವಾ ಕೋಳೆವ್ವ, ಟಿಕೀಟ್ ಎಲ್ಲಿತನಾ ಕೊಡ್ಲಿ?" ಎಂದು ಮಾಸ್ತರರು ಕೇಳಿದರು. "ರೈಲು ಎಲ್ಲಿತನಾ ಹೋಗತೈತಿ ಅಲ್ಲಿತನಾ ಕೊಡ್ರಿ" ಎಂದಿತು ಕೋಳಿ. ಕೂಸು ಕಿಲಕಿಲ ನಕ್ಕಿತು. ರೈಲು ಹೊರಟಿತು. ಟಿಕೆಟ್ ನೋಡುವವನು ಬಂದ. ಕೋಳಿ ಒಂದು ರೆಕ್ಕೆ ಎತ್ತಿ ನೋಡಿತು, ಟಿಕೆಟ್ ಇಲ್ಲ. ಇನ್ನೊಂದು ರೆಕ್ಕೆ ಎತ್ತಿ ನೋಡಿತು...

ಅಲ್ಲಿಗೆ ದನಿ ಕತ್ತರಿಸಿದಂತೆ ನಿಂತಿತು.

ಕಂಪ್ಯೂಟರು ಮತ್ತೆ ಕೆಟ್ಟಿತೆಂದು ನಾನು ಗಾಬರಿಯಾದೆ. ಅಕ್ಕ ಮೊಬೈಲಿನಲ್ಲಿ ಬರೆದು ತೋರಿಸಿದಳು: "ನನಗೂ ಮರೆತೇ ಹೋಗಿತ್ತು. ಅವತ್ತು ಕರೆಂಟ್ ಹೋಗಿತ್ತು. ನಾಳೆ ಮುಗಿಸ್ತೇನಿ ಅಂದಿದ್ದೆ. ಮರುದಿನ ಆಸ್ಪತ್ರೆಯಿಂದ ಫೋನ್ ಬಂತು." ಇಷ್ಟೆಲ್ಲ ಪರದಾಡಿ, ಗದ್ದೆ ಹಾಯ್ದು, ಕೆಸರು ತುಳಿದು ಎಬ್ಬಿಸಿದ್ದು ಅರ್ಧ ಕಥೆಯನ್ನೇ! ನನಗೆ ಅಳು ಬಂತು, ಈ ಸಲ ಸಿಟ್ಟಿಗೆ.

"ಮುಂದ?" ಎಂದಿತು ಕೂಸು. ನನ್ನ ಸೀರೆ ಜಗ್ಗಿತು. "ಚಿಗವ್ವ, ಮುಂದ ಏನಾತು? ಟಿಕೀಟ್ ಎಲ್ಲಿ ಹೋತು?"

ನನಗೇನು ಗೊತ್ತು? ಕಥೆ ಕಟ್ಟಿದವಳು ನಾನಲ್ಲ. ಏನೋ ಒಂದು ಹೇಳಿ ಸಾಗಹಾಕೋಣ ಎಂದು, ಟಿಕೆಟ್ ಗಾಳಿಗೆ ಹಾರಿ ಹೋಯಿತು ಎಂದೆ. "ಅಲ್ಲ!" ಎಂದಿತು ಕೂಸು. ಅದಕ್ಕೂ ಗೊತ್ತಿರಲಿಲ್ಲ, ಆದರೆ ಅದಲ್ಲ ಎಂಬುದು ಗೊತ್ತಿತ್ತು.

"ನುಂಗಿತ್ತು."

ಯಾರು ಮಾತಾಡಿದ್ದು ಎಂದು ನನಗೆ ತಕ್ಷಣ ತಿಳಿಯಲಿಲ್ಲ. ಅಕ್ಕ ಕೂಸಿನ ಎದುರು ನೆಲದ ಮೇಲೆ ಕೂತಿದ್ದಳು. ಅವಳ ಗಂಟಲಲ್ಲಿ ಗಾಳಿ ಸಿಕ್ಕಿಕೊಂಡು ಬಿಟ್ಟುಕೊಂಡಿತು. "ಕೋಳಿ... ಟಿಕೀಟ ನುಂಗಿತ್ತು. ಕಾಳು ಅಂತ ತಿಳದು."

ಕೂಸಿನ ಬಾಯಿ ಅಗಲವಾಯಿತು. "ಆಮ್ಯಾಲ?"

ಅಕ್ಕ ನನ್ನ ಕಡೆ ಒಮ್ಮೆ ನೋಡಿದಳು. ನಾನು ಏನೋ ಕೆಲಸವಿದ್ದವಳ ಹಾಗೆ ವಯರು ಸುತ್ತುತ್ತಾ ಆಚೆ ಮುಖ ಮಾಡಿದೆ. ಅವಳು ಉಸಿರು ಎಳೆದುಕೊಂಡಳು. ಟಿಕೆಟ್ ನೋಡುವವನು ಸೊಂಟದ ಮೇಲೆ ಕೈಯಿಟ್ಟು ಹೇಳಿದನಂತೆ, "ಹಂಗಾದ್ರ ನಾ ಇಲ್ಲೆ ಕುಂದರತೇನಿ. ನೀ ತತ್ತಿ ಇಡು. ಟಿಕೀಟ ಅದರಾಗ ಬರತೈತಿ, ನೋಡಿ ಹೋಗತೇನಿ." ದನಿ ನಡುವೆ ಎರಡು ಕಡೆ ಪೂರ್ತಿ ಮುರಿದು ಬರೀ ಗಾಳಿಯಾಯಿತು. ಅವಳು ನಿಲ್ಲಿಸಿ ಎಂಜಲು ನುಂಗಿ ಮತ್ತೆ ಹಿಡಿದಳು.

ಕೂಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಅವ್ವಾ, ಟಿಕೀಟ್ ನೋಡಾವನ ದನಿ ಖರೇನ ಹಿಂಗ ಇರತೈತಿ! ಇನ್ನೊಮ್ಮೆ ಮಾಡು, ಅವಂದು ಇನ್ನೊಮ್ಮೆ ಮಾಡು!"

ಅಕ್ಕ ನಕ್ಕಳು. ಬಾಯಿ ಮುಚ್ಚಿಕೊಂಡು ನಗುವುದನ್ನು ರೂಢಿ ಮಾಡಿಕೊಂಡಿದ್ದವಳು ಬಾಯಿ ತೆರೆದು ನಕ್ಕಳು. ಇನ್ನೊಮ್ಮೆ ಮಾಡಿದಳು. ಆಮೇಲೆ ರೈಲು ಹಾವೇರಿ ದಾಟಿತು, ಹರಿಹರ ಮುಟ್ಟಿತು, ಕೋಳಿ ತತ್ತಿಯಿಟ್ಟಿತು, ತತ್ತಿಯೊಳಗಿಂದ ಮರಿ ಬಂತು, ಮರಿಯ ಕೊಕ್ಕಿನಲ್ಲಿ ಟಿಕೆಟ್ಟಿತ್ತು. ಕೂಸಿನ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ. ಮರಿಗೆ ಅರ್ಧ ಟಿಕೆಟ್ಟೋ ಪೂರಾ ಟಿಕೆಟ್ಟೋ ಎಂಬುದು ತೀರ್ಮಾನವಾಗುವ ಹೊತ್ತಿಗೆ ಅಕ್ಕನ ದನಿ ಸುಸ್ತಾಗಿ ಪಿಸುಮಾತಾಗಿತ್ತು. ಆದರೂ ಅವಳು ಮೊಬೈಲು ಮುಟ್ಟಲಿಲ್ಲ. ನಾನು ಒಳಗೆ ಹೋಗಿ ಬಿಸಿನೀರು ತಂದುಕೊಟ್ಟೆ. ಅದೊಂದೇ ನನಗೆ ಆಗ ತೋಚಿದ್ದು. ಆ ರೆಕಾರ್ಡಿಂಗನ್ನು ಅಕ್ಕನ ಎದುರೇ ಲ್ಯಾಪ್‌ಟಾಪಿಗೂ ಹಾಕಿಕೊಂಡೆ. ಈ ಸಲ ಅವಳು ಬೇಡ ಎನ್ನಲಿಲ್ಲ.

ಹೊತ್ತಿಳಿಯುವಾಗ ಅತ್ತೆ ಗದ್ದೆಯಿಂದ ಬಂದರು. ಎರಡು ಗದ್ದೆಯ ಹಕ್ಕಿ ಓಡಿಸಿ ಅವರ ದನಿಯೂ ಒಡೆದು ಹೋಗಿತ್ತು. ಡಬ್ಬಿ ಮೂಲೆಗಿಟ್ಟು, ಕಾಲು ತೊಳೆಯುವ ಮೊದಲೇ ಕೇಳಿದರು. "ಎದ್ದಿತೇನವಾ ಪೆಟ್ಟಗಿ? ಸಿಕ್ತೇನು ಅಕ್ಕನ ದನಿ?"

ನಾನು ಬಾಯಿ ತೆರೆಯುವುದರೊಳಗೆ ಕೂಸು ಅಕ್ಕನ ತೊಡೆಯಿಂದ ಎದ್ದು ಓಡಿ ಹೋಯಿತು.

"ಎದ್ದಿತು ಆಯಿ. ಆದ್ರ ಅದರಾಗಿನಾಕಿಗೆ ಅರ್ಧಾ ಕಥಿ ಅಷ್ಟ ಬರತೈತಿ. ನಮ್ಮವ್ವಗ ಪೂರಾ ಬರತೈತಿ."